"ರೆಡಿ ಮಾಡೂದು ಅಂದ್ರೆ ಎಂತ ಮಾಡೂದು?": ಆಟಿಸಂ ಇರುವ ಮಗು ಶಾಲೆಯ ಬಾಗಿಲಿಗೆ ಬಂದ ದಾರಿ

ಎರಡು ವರ್ಷದ ಹಿಂದಿನ ಮಾತು. ಮೇ ತಿಂಗಳ ಕೊನೆ. ಅಕ್ಕನ ಮಗನಿಗೆ ಒಂದನೇ ತರಗತಿಗೆ ಹೆಸರು ಹಚ್ಚಲು ನಾನೂ ಜೊತೆಗೆ ಹೋಗಿದ್ದೆ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ದಾರಿಯ ಒಂದು ಊರು. ಹುಡುಗನಿಗೆ ಆಗಷ್ಟೇ ಆರು ತುಂಬಿತ್ತು. ಆಫೀಸಿನ ಮುಂದೆ ನಿಂತಿದ್ದೆವು. ಯಾರೋ ಕಬ್ಬಿಣದ ತುಂಡಿಗೆ ಬಡಿದು ಗಂಟೆ ಹೊಡೆದರು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಜಗಲಿಯಲ್ಲೇ ಕುಕ್ಕರುಗಾಲಲ್ಲಿ ಕೂತ. ಎಬ್ಬಿಸಲು ಹೋದರೆ ಕಿರುಚಿದ. ಹತ್ತು ನಿಮಿಷ ಹಾಗೇ ಇದ್ದ.

ಒಳಗಿದ್ದವರು ಕೆಟ್ಟ ಮಾತೇನೂ ಆಡಲಿಲ್ಲ. "ಒಂದು ವರ್ಷ ಬಿಟ್ಟು ಕರ್ಕೊಂಡು ಬನ್ನಿ. ಸ್ವಲ್ಪ ರೆಡಿಯಾಗಲಿ" ಅಂದರು, ಅಷ್ಟೆ.

ಬಸ್ ಸ್ಟಾಪಿನವರೆಗೆ ಅಕ್ಕ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ರೆಡಿ ಮಾಡೂದು ಅಂದ್ರೆ ಎಂತ ಮಾಡೂದಾ ತಮಾ? ಅದೊಂದು ಹೇಳ್ಲಿಲ್ಲ ನೋಡು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನು, ದಿನಕ್ಕೆ ಮೂರು ಸುದ್ದಿ ಕಳಿಸುವವನು ನಾನು. ಮನೆಯದೇ ಪ್ರಶ್ನೆಗೆ ಬಾಯಿ ಕಟ್ಟಿತು. ಆಮೇಲೆ ಓದುತ್ತಾ, ಕೇಳುತ್ತಾ ಹೋದೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮೂರಲ್ಲಿ ಇಂಥ ಮಕ್ಕಳನ್ನು "ಮಳ್ಳು" ಅಂದು ಬಿಟ್ಟುಬಿಡುವವರಿದ್ದಾರೆ. ವೈದ್ಯರು ಆಟಿಸಂ ಅನ್ನುತ್ತಾರೆ, ಸರ್ಕಾರಿ ಕಾಗದದಲ್ಲಿ ಸ್ವಲೀನತೆ ಅಂತ ಬರುತ್ತದೆ. ಹೆಸರು ಯಾವುದೇ ಇರಲಿ, ಆ ಮಗು ಶಾಲೆಯ ಬಾಗಿಲಿಗೆ ಬರಲು ಎಂಬತ್ತು ವರ್ಷ ಹಿಡಿದಿದೆ.

ಮೊದಲ ಹುಡುಗ ಕಲಿತದ್ದು ಹಳ್ಳಿ ಶಾಲೆಯಲ್ಲಿ

1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಒಂದು ದೊಡ್ಡ ಲೇಖನ ಬರೆದರು. ಎಂಟು ಗಂಡು, ಮೂರು ಹೆಣ್ಣು. ತಮ್ಮ ಪಾಡಿಗೆ ತಾವಿರುವ, ಎಲ್ಲವೂ ನಿನ್ನೆಯ ಹಾಗೇ ಇರಬೇಕೆಂದು ಹಟ ಮಾಡುವ ಮಕ್ಕಳು. ಇದೇ ರೀತಿಯ ಮಕ್ಕಳ ಬಗ್ಗೆ ರಷ್ಯಾದ ವೈದ್ಯೆ ಗ್ರುನ್ಯಾ ಸುಖರೇವಾ 1920ರ ದಶಕದಲ್ಲೇ ಬರೆದಿದ್ದರು. ಆದರೆ ಆಟಿಸಂ ಜಗತ್ತಿಗೆ ಗೊತ್ತಾದದ್ದು ಕ್ಯಾನರ್ ಲೇಖನದಿಂದ.

ಆ ಹನ್ನೊಂದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ನಾಲ್ಕು ತುಂಬುವ ಮೊದಲೇ ವೈದ್ಯರ ಮಾತು ಕೇಳಿ ತಂದೆ ತಾಯಿ ಅವನನ್ನು ದೂರದ ಒಂದು ಸಂಸ್ಥೆಯಲ್ಲಿ ಬಿಟ್ಟರು. ಆ ಕಾಲದಲ್ಲಿ ಅದೇ ದಾರಿ: ಬಿಟ್ಟುಬಿಡಿ, ಮರೆತುಬಿಡಿ. ಸುಮಾರು ಒಂದು ವರ್ಷದ ನಂತರ ಅವರೇ ಹೋಗಿ ಮನೆಗೆ ಕರೆತಂದರು. ತಂದೆ ವಕೀಲರು. ಮಗ ಹೇಗಿದ್ದಾನೆಂದು ಕ್ಯಾನರ್‌ಗೆ 33 ಪುಟದ ಪತ್ರ ಬರೆದರು.

ಕೆಲವು ವರ್ಷ ಕಳೆದ ಮೇಲೆ ಡೊನಾಲ್ಡ್ ಊರ ಹತ್ತಿರದ ಒಬ್ಬ ಬೇಸಾಯಗಾರ ದಂಪತಿಯ ಮನೆಯಲ್ಲಿ ಉಳಿದ. 1945ರಲ್ಲಿ ಕ್ಯಾನರ್ ಅಲ್ಲಿಗೆ ನೋಡಲು ಹೋದರು. ಹುಡುಗನಿಗೆ ಅಳೆಯುವ ಗೀಳು. ಸರಿ, ಬಾವಿ ತೋಡುವಾಗ ಆಳ ಎಷ್ಟಾಯಿತು ಎಂದು ಅಳೆದು ಹೇಳುವ ಕೆಲಸ ಅವನಿಗೇ. ಎಣಿಸುವ ಗೀಳು. ಸರಿ, ಜೋಳದ ಗದ್ದೆ ಉಳುತ್ತಾ ಸಾಲು ಎಣಿಸು. ಸತ್ತ ಹಕ್ಕಿ, ಹುಳ ಒಟ್ಟುಮಾಡುತ್ತಿದ್ದ. ಅವನ್ನು ಹೂಳಲು ಒಂದು ಜಾಗವನ್ನೇ ಮಾಡಿಕೊಟ್ಟರು. ಅಲ್ಲಿಂದಲೇ ಹಳ್ಳಿ ಶಾಲೆಗೆ ಹೋದ. ಆ ಶಾಲೆಯಲ್ಲಿ ಅವನ ವಿಚಿತ್ರವನ್ನು ಯಾರೂ ದೊಡ್ಡದು ಮಾಡಲಿಲ್ಲ. ಚೆನ್ನಾಗಿ ಕಲಿತ. ಮುಂದೆ ಕಾಲೇಜು ಮುಗಿಸಿ, ಊರಿನ ಬ್ಯಾಂಕಿನಲ್ಲಿ ಹಲವು ದಶಕ ಕೆಲಸ ಮಾಡಿದ. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ.

ಮನೆಯವರಿಗೆ ಹಣ ಇತ್ತು, ಊರಲ್ಲಿ ಹೆಸರಿತ್ತು. ಆ ಮಾತನ್ನೂ ಹೇಳಬೇಕು. ಆದರೆ ಅದೇ ಹನ್ನೊಂದರಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಪಾಲಾದ ಮಕ್ಕಳೂ ಇದ್ದರು. 1971ರಲ್ಲಿ ಕ್ಯಾನರ್ ಮತ್ತೆ ವಿಚಾರಿಸಿದಾಗ ಅವರು ಇದ್ದದ್ದನ್ನೂ ಕಳೆದುಕೊಂಡು ಸುಮ್ಮನೆ ಕೂತಿದ್ದರು. ಮಕ್ಕಳ ಸ್ವಭಾವದ ಜೊತೆಗೆ ಅವರನ್ನು ಎಲ್ಲಿ ಕೂರಿಸಿದರು ಎಂಬುದೂ ಲೆಕ್ಕಕ್ಕೆ ಬಂತು.

ಇದನ್ನು ಓದಿ ಹೇಳಿದಾಗ ಅಕ್ಕ ಅಂದಳು: "ಹಂಗಾರೆ ಆ ಗದ್ದೆಯವ್ರು ಯಾವ ಟ್ರೇನಿಂಗ್ ಮಾಡಿದ್ರು?" ಯಾವುದೂ ಇಲ್ಲ. ಹುಡುಗನನ್ನು ನೋಡಿದರು, ಅವನಿಗೆ ಹೊಂದುವ ಕೆಲಸ ಕೊಟ್ಟರು.

ತಪ್ಪೆಲ್ಲ ತಾಯಿಯದ್ದು ಅಂದ ಕಾಲ

ಆಮೇಲೆ ಬಂದದ್ದು ಕೆಟ್ಟ ಕಾಲ. 1950, 60ರ ದಶಕಗಳಲ್ಲಿ ದೊಡ್ಡ ದೊಡ್ಡವರೇ ಒಂದು ಮಾತು ಹಬ್ಬಿಸಿದರು. ತಾಯಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ, ಆಕೆ ಫ್ರಿಜ್ಜಿನಂತೆ ತಣ್ಣಗಿದ್ದಾಳೆ, ಅದಕ್ಕೇ ಮಗು ಹೀಗೆ ಅಂತ. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ ಇದನ್ನು ಹೆಚ್ಚು ಪ್ರಚಾರ ಮಾಡಿದರು. ಕ್ಯಾನರ್ ಕೂಡ ಕೆಲಕಾಲ ಅಂಥದ್ದೇ ಮಾತಾಡಿದ್ದರು. ತಾಯಿಯಿಂದ ಮಗುವನ್ನು ದೂರ ಇಡುವುದೇ ಮದ್ದು ಎಂದಾದ ಮೇಲೆ ಶಾಲೆಯ ಮಾತೆಲ್ಲಿ?

ಇದನ್ನು ಮುರಿದವರಲ್ಲಿ ಮುಖ್ಯರು ಬರ್ನಾರ್ಡ್ ರಿಮ್ಲಂಡ್. ನಮ್ಮ ಕಾರವಾರ ನೌಕಾಪಡೆಯ ಊರು, ಹಾಗಾಗಿ ಇದು ನೆನಪಿರುತ್ತದೆ: ಅವರು ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರು. ಮಗನಿಗೆ ಆಟಿಸಂ. ಸಿಕ್ಕಿದ್ದನ್ನೆಲ್ಲ ಓದಿ 1964ರಲ್ಲಿ ಪುಸ್ತಕ ಬರೆದರು. ಇದು ಹುಟ್ಟಿನಿಂದಲೇ ಬರುವ ಮಿದುಳಿನ ವ್ಯತ್ಯಾಸ, ಸಾಕಿದ ರೀತಿಯಿಂದ ಬಂದದ್ದಲ್ಲ ಎಂದು ತೋರಿಸಿದರು. ಮರುವರ್ಷ ಪೋಷಕರ ಸಂಘ ಕಟ್ಟಿದರು. 1969ರಲ್ಲಿ ಅದೇ ಸಂಘದ ಸಭೆಯಲ್ಲಿ ಕ್ಯಾನರ್ ಎದ್ದು ನಿಂತು, ಪೋಷಕರದ್ದು ಏನೂ ತಪ್ಪಿಲ್ಲ ಎಂದು ಎಲ್ಲರೆದುರು ಹೇಳಿದರು.

ಅಲ್ಲಿ ಹೇಳಿದರು, ನಮ್ಮಲ್ಲಿ ಇನ್ನೂ ಕೇಳಿಸಿಲ್ಲ. "ಮೊಬೈಲ್ ಕೊಟ್ಟು ಕೂರ್ಸಿದ್ದಕ್ಕೆ ಹಿಂಗಾತು", "ಗರ್ಭಿಣಿ ಇದ್ದಾಗ ಗ್ರಹಣ ನೋಡಿದ್ಲು". ಅಕ್ಕ ಇದನ್ನೆಲ್ಲ ಮನೆಯಲ್ಲೂ ಕೇಳಿದ್ದಾಳೆ, ಮದುವೆ ಮನೆಯಲ್ಲೂ ಕೇಳಿದ್ದಾಳೆ. ಮೊಬೈಲ್ ಹೆಚ್ಚಾದರೆ ಯಾವ ಮಗುವಿಗೂ ಒಳ್ಳೆಯದಲ್ಲ, ಆದರೆ ಆಟಿಸಂ ಬರುವುದು ಅದರಿಂದಲ್ಲ. ಇಷ್ಟು ಹೇಳಲು ಐವತ್ತು ವರ್ಷದಷ್ಟು ಹಳೆಯ ಪುರಾವೆ ನಮ್ಮ ಹತ್ತಿರ ಇದೆ.

ಚಿತ್ರದ ಸಾಲು ಬಂದದ್ದು ಎಲ್ಲಿಂದ

ಅಪವಾದ ಕಡಿಮೆಯಾದ ಮೇಲೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಲಂಡನ್ನಿನಲ್ಲಿ ಸಿಬಿಲ್ ಎಲ್ಗರ್ ಎಂಬ ಟೀಚರ್ 1962ರಲ್ಲಿ ತಮ್ಮ ಮನೆಯಲ್ಲೇ ಇಂಥ ಮಕ್ಕಳಿಗೆ ಪಾಠ ಶುರು ಮಾಡಿದರು. 1965ರಲ್ಲಿ ಪೋಷಕರ ಸಂಘದ ಬಲದಿಂದ ಅದು ಶಾಲೆಯೇ ಆಯಿತು.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಎಂಬವರಿದ್ದರು. ಬೆಟೆಲ್‌ಹೈಮ್ ಇದ್ದ ಶಿಕಾಗೋದಲ್ಲೇ ಓದಿ, ಅವರ ಮಾತನ್ನು ಒಪ್ಪದೆ ಹೊರಬಂದವರು. ತಂದೆ ತಾಯಿಯೇ ಮಗುವಿನ ಚಿಕಿತ್ಸೆಯಲ್ಲಿ ಅರ್ಧ ಪಾಲುದಾರರು ಎಂದು ಕೆಲಸ ಶುರು ಮಾಡಿದರು. 1972ರಲ್ಲಿ ಆ ರಾಜ್ಯ ಸರ್ಕಾರ ಅದನ್ನು ತನ್ನದೇ ಕಾರ್ಯಕ್ರಮವಾಗಿ ತೆಗೆದುಕೊಂಡಿತು. ಅದರ ಹೆಸರು ಟೀಚ್. ಅವರು ಕಂಡುಕೊಂಡದ್ದು ಇಷ್ಟು: ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕಿವಿಯಿಂದ ಬಂದದ್ದಕ್ಕಿಂತ ಕಣ್ಣಿಗೆ ಕಂಡದ್ದು ಬೇಗ ಹತ್ತುತ್ತದೆ. ಮುಂದೆ ಏನಾಗುತ್ತದೆ ಎಂದು ಗೊತ್ತಿಲ್ಲದಾಗ ಭಯ ಬರುತ್ತದೆ. ಆದ್ದರಿಂದ ಈಗ ಏನು, ಆಮೇಲೆ ಏನು, ಯಾವಾಗ ಮುಗಿಯುತ್ತದೆ ಎಂದು ಚಿತ್ರಗಳನ್ನು ಸಾಲಾಗಿ ಹಚ್ಚಿ ತೋರಿಸಿ. ಇಂದು ಹಲವು ಥೆರಪಿ ಕೇಂದ್ರಗಳ ಗೋಡೆಯ ಮೇಲೆ ಕಾಣುವ ಚಿತ್ರದ ಪಟ್ಟಿಗೆ ದೊಡ್ಡ ಬಲ ಬಂದದ್ದು ಇಲ್ಲಿಂದ.

ನಮ್ಮ ರಾಜ್ಯಕ್ಕೆ ಬಂದಾಗ

ಕರ್ನಾಟಕಕ್ಕೆ ಬರೋಣ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾಯಿತು. ಮಾತು ಬಾರದ ಮಕ್ಕಳನ್ನು ಎತ್ತಿಕೊಂಡು ರಾತ್ರಿಯಿಡೀ ಬಸ್ಸಿನಲ್ಲಿ ಮೈಸೂರಿಗೆ ಹೋದ ತಾಯಂದಿರು ನಮ್ಮ ಕಡೆಯೂ ಇದ್ದಾರೆ. 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಟಿ. ನರಸೀಪುರದಲ್ಲಿ ಆರಂಭವಾಯಿತು. ಮೊದಲ ಬಾರಿಗೆ ಶಾಲೆಗೆ ಮೊದಲಿನ ವಯಸ್ಸಿಗೆ ಊರಲ್ಲೇ ಒಂದು ಜಾಗ ಸಿಕ್ಕಿತು. ಆದರೆ ಅಲ್ಲಿ ಆಟಿಸಂ ಎಂಬ ಮಾತೇ ಇರಲಿಲ್ಲ.

1991ರಲ್ಲಿ ದೆಹಲಿಯಲ್ಲಿ ಮೇರಿ ಬರುವಾ ಎಂಬ ತಾಯಿ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಕಟ್ಟಿದರು. ಇಲ್ಲೂ ದಾರಿ ಮಾಡಿದವಳು ತಾಯಿಯೇ.

ನಮ್ಮ ವಿಷಯಕ್ಕೆ ನೇರ ಬರುವ ಹೆಜ್ಜೆ 2000ದ್ದು. ಮೈಸೂರಿನ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಡಾ. ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ ಕಮ್ಯುನಿಕೇಷನ್ ಡಿಯಾಲ್ ಎಂಬ ಕಾರ್ಯಕ್ರಮ ತಂದರು. ಆರು ವರ್ಷದೊಳಗಿನ ಮಕ್ಕಳು, ಹನ್ನೆರಡು ಜನರ ಒಂದು ಗುಂಪು, ದಿನಕ್ಕೆ ಮೂರು ತಾಸು, ವಾರಕ್ಕೆ ಐದು ದಿನ, ಜೊತೆಗೆ ತಾಯಂದಿರು. ಗುರಿ: ಮಗು ಊರಿನ ಸಾಮಾನ್ಯ ಶಾಲೆಗೆ ಹೋಗುವಂತಾಗಬೇಕು. ಮಾತನ್ನು ಮಾತ್ರ ಕಲಿಸಲಿಲ್ಲ. ಕೈಕಾಲಿನ ಚಲನೆ, ಬೆರಳಿನ ಕೆಲಸ, ಉಣ್ಣುವುದು ತೊಡುವುದು, ಹೇಳಿದ್ದು ತಿಳಿಯುವುದು, ತಾನು ಹೇಳುವುದು, ಯೋಚಿಸುವುದು, ಜನರ ಜೊತೆ ಇರುವುದು, ಭಾವನೆ ತೋರಿಸುವುದು ಎಂದು ಎಂಟು ಭಾಗ ಮಾಡಿ ಕಲಿಸಿದರು.

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಶಾಲೆಗೆ ತಯಾರಿ ಅಂದರೆ ಅ ಆ ಇ ಈ ಅಲ್ಲ. ಅಕ್ಷರ ಆಮೇಲೂ ಬರುತ್ತದೆ.

ಕಾನೂನು ಏನನ್ನುತ್ತದೆ

1995ರಲ್ಲಿ ಅಂಗವಿಕಲರ ಕಾಯ್ದೆ ಬಂದಾಗ ಪಟ್ಟಿಯಲ್ಲಿ ಏಳು ಬಗೆ ಇದ್ದವು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲು ಹೆಸರು ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕು ಮಾಡಿತು. ಸೇರಿಸಿಕೊಳ್ಳುವ ಮೊದಲು ಮಗುವನ್ನು ಪರೀಕ್ಷೆ ಮಾಡಿ ಆರಿಸುವುದನ್ನು ನಿಷೇಧಿಸಿತು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಸ್ಪಷ್ಟವಾಗಿ ಅದರೊಳಗೆ ತಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಏಳು ಬಗೆ ಇಪ್ಪತ್ತೊಂದಾಯಿತು, ಆಟಿಸಂ ಅದರಲ್ಲಿ ಒಂದು. ಸರ್ಕಾರದ ಹಣ ಅಥವಾ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಂಡು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಅದು.

ಅಂದರೆ "ಒಂದು ವರ್ಷ ಬಿಟ್ಟು ಬನ್ನಿ" ಅನ್ನಲು ಆ ದಿನ ಅಲ್ಲಿ ಯಾರಿಗೂ ಹಕ್ಕಿರಲಿಲ್ಲ. ನಮಗೆ ಗೊತ್ತಿರಲಿಲ್ಲ. ನಂಬಿ ಮನೆಗೆ ಬಂದೆವು. ಹುಡುಗನ ಒಂದು ವರ್ಷ ಹೋಯಿತು. ಇದನ್ನು ನಾನು ಬರೆಯುತ್ತಿರುವುದೇ ನಿಮ್ಮ ಮನೆಯ ಮಗುವಿನ ಆ ವರ್ಷ ಉಳಿಯಲಿ ಎಂದು.

ಇನ್ನೊಂದು ನೆನಪು. 1953ರಲ್ಲಿ ಅಂಕೋಲೆಯ ದಿನಕರ ದೇಸಾಯಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯಲ್ಲಿ ಹೈಸ್ಕೂಲುಗಳನ್ನು ತೆರೆದರು. ಅದಕ್ಕೂ ಮೊದಲು ಗೇಣಿದಾರರ ಮಕ್ಕಳಿಗೆ, ಮೀನುಗಾರರ ಮಕ್ಕಳಿಗೆ ಹೈಸ್ಕೂಲು ದೂರದ ಮಾತು. "ಇವ್ರಿಗೆಲ್ಲ ಎಂತಕ್ಕೆ ಓದು" ಅನ್ನುತ್ತಿದ್ದ ಕಾಲವದು. ಆ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ನಾವು. ಈಗ ಅದೇ ಮಾತನ್ನು ನಾವು ಬೇರೆ ಮಕ್ಕಳಿಗೆ ಹೇಳಬಾರದಲ್ಲ.

ಕಾರವಾರ, ಅಂಕೋಲೆಯ ಜೂನ್

ಪುಸ್ತಕದಲ್ಲಿ ಇದ್ದದ್ದನ್ನು ನಮ್ಮೂರಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಶಾಲೆ ಶುರುವಾಗುವುದಕ್ಕೂ ಮಳೆ ಶುರುವಾಗುವುದಕ್ಕೂ ಒಂದೇ ಹೊತ್ತು. ಹೊಸ ಕಟ್ಟಡ, ಹೊಸ ಜನ, ಮೈಗೆ ಅಂಟುವ ರೇನ್‌ಕೋಟು, ತಗಡಿನ ಮೇಲೆ ಮಳೆಯ ಅಬ್ಬರ, ಎಲ್ಲ ಒಂದೇ ವಾರದಲ್ಲಿ. ಅದರ ಮೇಲೆ, ಬೆಳಿಗ್ಗೆ ಯೂನಿಫಾರ್ಮ್ ಹಾಕಿ ನಿಂತಾಗ ವಾಟ್ಸಾಪಿನಲ್ಲಿ ಬರುವ ಸುದ್ದಿ: ಇಂದು ಶಾಲೆಗೆ ರಜೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ದಿನದ ದಾರಿಯೇ ಬದಲಾದರೆ ನಮಗೇ ಗಲಿಬಿಲಿ, ಇನ್ನು ನಿನ್ನೆಯ ಹಾಗೇ ಇರಬೇಕು ಎನ್ನುವ ಮಗುವಿಗೆ?

ಅಕ್ಕ ಮಾಡಿದ್ದನ್ನು ಹೇಳುತ್ತೇನೆ. ಮರುವರ್ಷ ಬೇರೊಂದು ಸರ್ಕಾರಿ ಶಾಲೆಯ ಅಕ್ಕೋರನ್ನು ಏಪ್ರಿಲ್‌ನಲ್ಲೇ ಕಂಡಳು. ಅವರು ಒಪ್ಪಿದರು. ರಜೆಯಲ್ಲಿ ಖಾಲಿ ಶಾಲೆಗೆ ವಾರಕ್ಕೆ ಎರಡು ಸಲ ಹುಡುಗನನ್ನು ಕರೆದುಕೊಂಡು ಹೋದಳು. ಮೊದಲು ಗೇಟಿನವರೆಗೆ, ಆಮೇಲೆ ಜಗಲಿ, ಆಮೇಲೆ ಬೆಂಚು.

ಫೋನಿನಲ್ಲಿ ಫೋಟೊ ತೆಗೆದಳು: ಗೇಟು, ಚಪ್ಪಲಿ ಬಿಡುವ ಜಾಗ, ತರಗತಿ, ನಳ, ಶೌಚಾಲಯ, ಊಟದ ತಟ್ಟೆ, ಮನೆ. ಅಂಕೋಲೆಯಲ್ಲಿ ಪ್ರಿಂಟ್ ಹಾಕಿಸಿ ರಟ್ಟಿನ ಮೇಲೆ ಸಾಲಾಗಿ ಹಚ್ಚಿ ಅಡುಗೆಮನೆ ಬಾಗಿಲಿಗೆ ತೂಗಿಹಾಕಿದಳು. ದಿನಾ ಬೆಳಿಗ್ಗೆ ಬೆರಳಿಟ್ಟು ತೋರಿಸುವುದು. ಕೊನೆಯ ಚಿತ್ರ ಯಾವಾಗಲೂ ಮನೆಯದೇ. ಮರಳಿ ಬರುತ್ತೇನೆ ಎಂಬ ಭರವಸೆ ಅವನಿಗೆ ಬೇಕಿತ್ತು.

ಗಂಟೆಯ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಮೊದಲು ತೀರ ಸಣ್ಣಗೆ, ವಾರ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಜೋರಾಗಿ ಕೇಳಿಸಿದಳು. ಅವನು ಬೇಡ ಅಂದ ದಿನ ನಿಲ್ಲಿಸಿದಳು. ಬಿಸಿಯೂಟದ್ದೇ ಥರದ ಸ್ಟೀಲ್ ತಟ್ಟೆಯಲ್ಲಿ ಮನೆಯಲ್ಲೂ ಬಡಿಸಿದಳು. ಮಾತು ಕಡಿಮೆ ಇರುವುದರಿಂದ "ಸಾಕು" ಮತ್ತು "ನೀರು" ಎಂದು ತೋರಿಸಲು ಎರಡು ಚೀಟಿ ಕೊಟ್ಟಳು. ಮಳೆ ರಜೆಗೆಂದು ಒಂದು ಕೆಂಪು ರಟ್ಟು, ಅದರ ಮೇಲೆ ಕೊಡೆಯ ಚಿತ್ರ. ರಜೆ ಬಂದ ದಿನ ಶಾಲೆಯ ಫೋಟೊ ಮೇಲೆ ಅದನ್ನು ಸಿಕ್ಕಿಸಿದರೆ ಅಳು ಅರ್ಧ ಕಡಿಮೆ.

ಭಾವ ಬೋಟಿಗೆ ಹೋಗುವವರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷೇಧ, ಆಗ ಮನೆಯಲ್ಲೇ ಇರುತ್ತಾರೆ. ಮೊದಲ ಎರಡು ತಿಂಗಳು ಶಾಲೆಗೆ ಬಿಡುವುದು ಅವರ ಪಾಲಿಗೆ ಬಂತು. ಬೋಟಿನ ಮನೆಗಳವರು ಇದನ್ನು ಗಮನಿಸಿ. ಈ ಕೆಲಸ ತಾಯಿಯೊಬ್ಬಳದೇ ಆಗಬೇಕಿಲ್ಲ.

ಭಾಷೆಯ ಮಾತು ಒಂದಿದೆ. ಭಾವನ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. "ಕೊಂಕಣಿ ಬಿಡಿಸಿ, ಎರಡು ಭಾಷೆಗೆ ಮಗು ಗೊಂದಲ ಆಗ್ತದೆ" ಎಂದು ಸಲಹೆ ಕೊಟ್ಟವರಿದ್ದರು. ಆದರೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆಯ ಮನೆಯ ಆಟಿಸಂ ಮಕ್ಕಳು ಅದರಿಂದ ಹಿಂದೆ ಬಿದ್ದದ್ದು ಕಂಡಿಲ್ಲ. ಅಜ್ಜಿಯ ಮಾತು ಕಿತ್ತುಕೊಂಡರೆ ಮಗುವಿನ ಜೊತೆ ಮಾತಾಡುವವರೇ ಒಬ್ಬರು ಕಡಿಮೆಯಾಗುತ್ತಾರೆ. ಮನೆಯಲ್ಲಿ ಕೊಂಕಣಿ ಇರಲಿ. ಶಾಲೆಯ ಹತ್ತಿಪ್ಪತ್ತು ಮಾತು, "ಕೂತ್ಕೊ", "ಬಾ", "ಸಾಲಾಗಿ ನಿಲ್ಲು", ಕನ್ನಡದಲ್ಲಿ ಮೊದಲೇ ಅಭ್ಯಾಸವಾಗಲಿ.

ಯಾರನ್ನು ಕೇಳಬೇಕು

ಹೆಸರು ಕರೆದರೆ ತಿರುಗದ, ಬೇಕಾದ್ದನ್ನು ಬೆರಳಲ್ಲಿ ತೋರಿಸದ, ವಸ್ತುಗಳನ್ನು ಸಾಲಾಗಿಡುತ್ತಲೇ ಇರುವ ಮಗು ಇದ್ದರೆ "ದೊಡ್ಡವನಾದ ಮೇಲೆ ಸರಿಹೋಗ್ತದೆ" ಎಂದು ಕಾಯಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿ ತಂದಿದೆ. ಇಂಥ ಮಕ್ಕಳನ್ನು ಗುರುತಿಸುವುದು, ಸೇರಿಸಿಕೊಳ್ಳುವುದು ಅವರ ಕೆಲಸದಲ್ಲೇ ಬರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಅಡಗಿಸಬೇಡಿ, ಅವರ ಮುಂದೆ ಕೂರಿಸಿ.

ತಾಲೂಕಿನ ಬಿಇಒ ಕಚೇರಿ ಅಥವಾ ಬಿಆರ್‌ಸಿಯಲ್ಲಿ ಅಂಗವಿಕಲ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು, ಬಿಐಇಆರ್‌ಟಿ ಅನ್ನುತ್ತಾರೆ, ಕೇಳಿ. ಯಾವ ಶಾಲೆಯಾದರೂ ಬೇಡ ಅಂದರೆ ಬರೆದು ಕೊಡಿ ಎನ್ನಿ. ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಿ, ಆದರೆ ಕಾರ್ಡು ಬರುವವರೆಗೆ ಶಾಲೆ ತಡ ಮಾಡಬೇಡಿ. ತೀವ್ರ ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕಾನೂನಿನಲ್ಲಿದೆ. ಅದು ಮನೆಯವರು ಆರಿಸಿಕೊಳ್ಳುವುದು, ಶಾಲೆ ಹೇರುವುದಲ್ಲ.

ಅಕ್ಕನ ಮಗ ಈಗ ಹೇಗಿದ್ದಾನೆ ಎಂದು ಕೇಳುತ್ತೀರಿ. ಪೂರ್ತಿ ಸರಿಹೋದ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಊಟದವರೆಗೆ ಮಾತ್ರ ಕೂತ. ಈಗ ಇಡೀ ದಿನ ಇರುತ್ತಾನೆ. ಬಾಗಿಲ ಹತ್ತಿರದ ಗೋಡೆ ಬದಿ ಅವನ ಜಾಗ, ಅಲ್ಲಿ ಬೇರೆ ಯಾರಾದರೂ ಕೂತರೆ ಗಲಾಟೆ. ಮಾತು ಇನ್ನೂ ಕಡಿಮೆಯೇ. ಗಂಟೆ ಹೊಡೆಯುವ ಎರಡು ನಿಮಿಷ ಮೊದಲು ಅಕ್ಕೋರು ಅವನಿಗೆ ಕೈಸನ್ನೆ ಮಾಡುತ್ತಾರೆ, ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಪಕ್ಕದ ಇಬ್ಬರು ಹುಡುಗರೂ ಅವನನ್ನು ನೋಡಿ ಕಿವಿ ಮುಚ್ಚಿಕೊಳ್ಳುತ್ತಾರಂತೆ. ಅಕ್ಕ ನಗುತ್ತಾ ಹೇಳಿದಳು.

ಮೊದಲಿನ ಶಾಲೆಯಲ್ಲಿ ಯಾರಾದರೂ ಆ ಕೈಸನ್ನೆ ಮಾಡಿದ್ದರೆ, ಒಂದು ವರ್ಷ ಮೊದಲೇ ಅವನು ಬೆಂಚಿನ ಮೇಲಿರುತ್ತಿದ್ದ.